ಕಡಲ ದಂಡೆಯ ರಸ್ತೆಗೆ ನಿಧಾನದ ಬ್ಯಾಟರಿ ಗಾಡಿ ಸಲ್ಲುತ್ತದೆಯೇ?

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಮೈಸೂರಿನ ಓದುಗರೊಬ್ಬರ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿ, ಉತ್ತರವನ್ನು ಈ ಸಂಚಿಕೆಗೆ ಉಳಿಸಿಕೊಂಡಿದ್ದೆ. ಅದನ್ನು ಓದಿದ ಇನ್ನೂ ನಾಲ್ವರು ಅದೇ ವಿಷಯವಾಗಿ ಬರೆದಿದ್ದಾರೆ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮಗಳು, ಅಳಿಯ ಅಟ್ಲಾಂಟಾದಲ್ಲಿದ್ದಾರೆ. ಬೇಸಿಗೆ ರಜೆಯಲ್ಲಿ ನಮ್ಮನ್ನು ಫ್ಲಾರಿಡಾದ ವಾಲ್ಟನ್ ಕೌಂಟಿಯಲ್ಲಿರುವ 30ಎ ಎಂಬ ಕಡಲ ರಸ್ತೆಯ ಊರೊಂದಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಅಳಿಯ ಆರು ಸೀಟಿನ ಬ್ಯಾಟರಿ ಗಾಡಿಯೊಂದನ್ನು ಬಾಡಿಗೆಗೆ ತಂದರು. ಮೊಮ್ಮಕ್ಕಳಿಗೆ ಅದರಲ್ಲಿ ಓಡಾಡುವುದೇ ಹಬ್ಬ. ಆದರೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವಾಗ ನಮ್ಮ ಹಿಂದೆ ಕಾರುಗಳು ಸಾಲುಗಟ್ಟಿದವು. ಒಬ್ಬರು ಹಾರ್ನ್ ಹೊಡೆದು, ಎದುರು ಬರುವ ಲೇನಿಗೆ ನುಗ್ಗಿ ನಮ್ಮನ್ನು ದಾಟಿಕೊಂಡು ಹೋದರು. ನನಗೆ ಜೀವ ಬಾಯಿಗೆ ಬಂದಿತ್ತು. "ಕಾನೂನೇ ಒಪ್ಪಿದೆ, ಹೆದರಬೇಡಿ ಅತ್ತೆ" ಎಂದು ಅಳಿಯ ಹೇಳಿದರು. ಕಾನೂನು ಒಪ್ಪಿದ ಮಾತ್ರಕ್ಕೆ ಅಂಥ ರಸ್ತೆಯಲ್ಲಿ ಅಂಥ ಗಾಡಿ ಓಡಾಡುವುದು ಸರಿಯೇ?
ಓದುಗರೊಬ್ಬರು, ಮೈಸೂರು

ಉತ್ತರ: ರಸ್ತೆಯೇ ಗಾಡಿಯ ವೇಗದಲ್ಲಿ ಸಾಗುವ ಕಡೆ ಅದು ಧಾರಾಳವಾಗಿ ಸಲ್ಲುತ್ತದೆ; ಕಾರುಗಳು ಅದಕ್ಕಿಂತ ಬಹಳ ಜೋರಾಗಿ ಓಡುವ ಕಡೆ ಸಲ್ಲುವುದಿಲ್ಲ. 30ಎ ರಸ್ತೆಯಲ್ಲಿ ಈ ಎರಡು ಬಗೆಯ ಭಾಗಗಳೂ ಒಂದರ ಹಿಂದೆ ಒಂದು ಬರುತ್ತವೆ. ನಿಮ್ಮ ಭಯಕ್ಕೂ, ಅಳಿಯಂದಿರ ಧೈರ್ಯಕ್ಕೂ, ಹಿಂದಿನ ಕಾರಿನವರ ಸಿಟ್ಟಿಗೂ ಮೂಲ ಅಲ್ಲೇ ಇದೆ.

ಆ ರಸ್ತೆಯನ್ನು ನೋಡದ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. 30ಎ ಎಂಬುದು ಮೆಕ್ಸಿಕೋ ಕೊಲ್ಲಿಯ ದಂಡೆಯುದ್ದಕ್ಕೂ ಸಾಗುವ ಎರಡು ಲೇನಿನ ಕೌಂಟಿ ರಸ್ತೆ. ಅದರ ಉತ್ತರಕ್ಕೆ, ಸ್ವಲ್ಪ ಒಳನಾಡಿನಲ್ಲಿ, ಯು.ಎಸ್. 98 ಎಂಬ ಅಗಲವಾದ ಹೆದ್ದಾರಿ ಹೆಚ್ಚುಕಡಿಮೆ ಅದಕ್ಕೆ ಸಮಾನಾಂತರವಾಗಿ ಹೋಗುತ್ತದೆ. ಡ್ಯೂನ್ ಅಲೆನ್, ಬ್ಲೂ ಮೌಂಟನ್, ಗ್ರೇಟನ್, ಸೀಸೈಡ್, ಸೀಗ್ರೋವ್, ಆಲಿಸ್ ಬೀಚ್, ರೋಸ್‌ಮೇರಿ ಬೀಚ್, ಇನ್ಲೆಟ್ ಬೀಚ್ ಮೊದಲಾದ ಊರುಗಳು ಈ ರಸ್ತೆಗೆ ಪೋಣಿಸಿಕೊಂಡಿವೆ. ಊರೂರಿನ ನಡುವೆ ಪೈನ್ ಮರಗಳ ಕಾಡು, ಬಿಳಿ ಮರಳಿನ ದಿಬ್ಬಗಳು, ಮತ್ತು ಜಗತ್ತಿನಲ್ಲಿ ಬಹಳ ಅಪರೂಪವಾದ, ಮರಳ ದಿಬ್ಬಗಳ ಹಿಂದೆ ನಿಂತ ಕೆರೆಗಳು ಸಿಗುತ್ತವೆ. ಮಳೆ ಹೆಚ್ಚಾದಾಗ ಈ ಕೆರೆಗಳು ಮರಳನ್ನು ಕೊರೆದುಕೊಂಡು ಸಮುದ್ರಕ್ಕೆ ಹರಿಯುತ್ತವೆ. ಆಗ ಉಪ್ಪುನೀರು ಸಿಹಿನೀರು ಬೆರೆಯುತ್ತವೆ. ವಾಲ್ಟನ್ ಕೌಂಟಿಯಲ್ಲಿ ಇಂಥ ಕೆರೆಗಳು 15 ಇವೆ. ವೆಸ್ಟರ್ನ್ ಲೇಕ್‌ನಂಥ ಕೆರೆಯ ಹತ್ತಿರ ಬಂದಾಗ ಯಾರಿಗಾದರೂ ಗಾಡಿಯನ್ನು ನಿಧಾನ ಮಾಡಿ ನೋಡಬೇಕೆನಿಸುತ್ತದೆ. ಕೆಲಸಕ್ಕೆ ಹೊತ್ತಾದವನಿಗೆ ಅದೇ ಜಾಗದಲ್ಲಿ ಮುಂದಿನ ಗಾಡಿಯನ್ನು ದಾಟಬೇಕೆನಿಸುತ್ತದೆ. ದಾಟಲು ಅಲ್ಲಿ ಜಾಗವಿಲ್ಲ.

ಈಗ ಗಾಡಿಯ ವಿಚಾರ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 1998ರಲ್ಲಿ 'ಕಡಿಮೆ ವೇಗದ ವಾಹನ' ಎಂಬ ಪ್ರತ್ಯೇಕ ವರ್ಗವನ್ನೇ ಮಾಡಿತು. ನಾಲ್ಕು ಚಕ್ರ ಇರಬೇಕು, ಗರಿಷ್ಠ ವೇಗ ಗಂಟೆಗೆ 20 ಮೈಲಿ ಮೀರಬೇಕು, ಆದರೆ 25 ಮೈಲಿ, ಅಂದರೆ 40 ಕಿಲೋಮೀಟರ್, ದಾಟಬಾರದು. ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ದೀಪ, ಕನ್ನಡಿ, ಮುಂದಿನ ಗಾಜು, ಪಾರ್ಕಿಂಗ್ ಬ್ರೇಕ್, ಸೀಟ್ ಬೆಲ್ಟ್, ಹದಿನೇಳು ಅಕ್ಷರ-ಅಂಕೆಗಳ ವಾಹನ ಸಂಖ್ಯೆ ಇಷ್ಟನ್ನು ಕಡ್ಡಾಯ ಮಾಡಿತು. ಕಾರಿಗೆ ಕಡ್ಡಾಯವಾದ ಏರ್‌ಬ್ಯಾಗನ್ನೂ, ಗೋಡೆಗೆ ಗುದ್ದಿಸಿ ನೋಡುವ ಪರೀಕ್ಷೆಯನ್ನೂ ಇದಕ್ಕೆ ಕಡ್ಡಾಯ ಮಾಡಲಿಲ್ಲ. ನಿವೃತ್ತರ ಬಡಾವಣೆ, ಯೋಜಿತ ಊರು, ಮನೆಯಿಂದ ಅಂಗಡಿಗೆ ಹೋಗುವ ಹತ್ತಿರದ ದಾರಿ, ಇವನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದ ನಿಯಮ ಅದು. ಗಂಟೆಗೆ 35 ಮೈಲಿ ಓಡುವ 'ಮಧ್ಯಮ ವೇಗದ' ವರ್ಗವೊಂದನ್ನು ಮಾಡಿಕೊಡಿ ಎಂದು ಕೆಲವರು ಮನವಿ ಸಲ್ಲಿಸಿದಾಗ, ಅಷ್ಟು ವೇಗಕ್ಕೆ ಕಾರಿನ ಪೂರ್ಣ ರಕ್ಷಣೆ ಬೇಕಾಗುತ್ತದೆ ಎಂಬ ಕಾರಣಕ್ಕೆ ಅದೇ ಇಲಾಖೆ 2008ರಲ್ಲಿ ಆ ಮನವಿಗಳನ್ನು ತಿರಸ್ಕರಿಸಿತು. ಆದ್ದರಿಂದ ಈ ಗಾಡಿಗಿರುವ ಮುಖ್ಯ ರಕ್ಷಣೆ ಅದರ ನಿಧಾನವೇ. ಸುತ್ತಲಿನವರೂ ನಿಧಾನವಾಗಿದ್ದಾಗ ಮಾತ್ರ ಆ ರಕ್ಷಣೆ ಕೆಲಸಕ್ಕೆ ಬರುತ್ತದೆ.

ನಿಮ್ಮ ಅಳಿಯ ಹೇಳಿದ ಕಾನೂನು ನಿಜ. ವೇಗಮಿತಿಯ ಫಲಕ 35 ಮೈಲಿ ಅಥವಾ ಅದಕ್ಕಿಂತ ಕಡಿಮೆ ತೋರಿಸುವ ರಸ್ತೆಗಳಲ್ಲಿ ಈ ಗಾಡಿಯನ್ನು ಓಡಿಸಬಹುದು ಎಂದು ಫ್ಲಾರಿಡಾದ ಕಾನೂನು ಹೇಳುತ್ತದೆ. ಅದಕ್ಕಿಂತ ಹೆಚ್ಚಿನ ಮಿತಿಯ ರಸ್ತೆಯನ್ನು ಕೂಡುರಸ್ತೆಯಲ್ಲಿ ಅಡ್ಡ ದಾಟಬಹುದೇ ಹೊರತು ಅದರುದ್ದಕ್ಕೆ ಓಡಿಸುವಂತಿಲ್ಲ. ಗಾಡಿಗೆ ನೋಂದಣಿ, ನಂಬರ್ ಪ್ಲೇಟ್, ವಿಮೆ ಇರಬೇಕು. ಓಡಿಸುವವರಿಗೆ ಲೈಸೆನ್ಸ್ ಇರಬೇಕು. ಇದೇ ಕಾನೂನಿನಲ್ಲಿ ಇನ್ನೊಂದು ಮಾತೂ ಇದೆ: ಸುರಕ್ಷತೆಗೆ ಅಗತ್ಯ ಎಂದು ಕಂಡರೆ ಕೌಂಟಿ ತನ್ನ ರಸ್ತೆಯಲ್ಲಿ ಈ ಗಾಡಿಗಳನ್ನು ನಿಷೇಧಿಸಬಹುದು. 30ಎ ಕೌಂಟಿಯ ರಸ್ತೆ. ಅಂದಮೇಲೆ ತೀರ್ಮಾನ ಅಲ್ಲಿನ ಜನ ಆರಿಸಿದ ಆಡಳಿತದ ಕೈಯಲ್ಲೇ ಇದೆ, ಮತ್ತು ನೀವು ಕೇಳಿದ 'ಸರಿಯೇ' ಎಂಬ ಪ್ರಶ್ನೆಯನ್ನು ಕಾನೂನು ಅವರಿಗೇ ಬಿಟ್ಟಿದೆ.

ಹಾಗಾದರೆ ನಿಷೇಧಿಸಬೇಕೇ? ಅಲ್ಲಿ ಮನೆ ಇರುವ ಎಷ್ಟೋ ಜನ ನಿಷೇಧಿಸಬೇಕೆನ್ನುತ್ತಾರೆ, ಅವರ ದೂರಿನಲ್ಲಿ ಹುರುಳಿದೆ. 35 ಮೈಲಿ ಮಿತಿಯ ರಸ್ತೆಯಲ್ಲಿ ಒಂದು ಗಾಡಿ 25ರಲ್ಲಿ ಹೋಗುತ್ತಿದ್ದರೆ ಹಿಂದಿನವರ ತಾಳ್ಮೆ ಕೆಡುತ್ತದೆ. ತಾಳ್ಮೆಗೆಟ್ಟ ಒಬ್ಬನು ನಿಮ್ಮ ಕಣ್ಣೆದುರು ಮಾಡಿದಂತೆ ಎದುರು ಲೇನಿಗೆ ನುಗ್ಗುತ್ತಾನೆ. ಆದರೆ ಕಳೆದುಹೋಗುವ ಹೊತ್ತು ನಿಜವಾಗಿ ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದು ಊರಿನಿಂದ ಮುಂದಿನದಕ್ಕೆ 3 ಮೈಲಿ ಎಂದಿಟ್ಟುಕೊಳ್ಳೋಣ. 35ರ ವೇಗದಲ್ಲಿ ಅದಕ್ಕೆ 5 ನಿಮಿಷ ಹಿಡಿಯುತ್ತದೆ, 25ರಲ್ಲಿ 7 ನಿಮಿಷ. ವ್ಯತ್ಯಾಸ ಎರಡು ನಿಮಿಷ. ಜೂನ್, ಜುಲೈ ತಿಂಗಳ ಮಧ್ಯಾಹ್ನದಲ್ಲಿ ಸೀಸೈಡಿನ ಮುಂದೆ ಜನ ರಸ್ತೆ ದಾಟುವುದನ್ನು ಕಾಯುತ್ತಾ ಕಾರುಗಳು ನಿಲ್ಲುವ ಹೊತ್ತು ಇದಕ್ಕಿಂತ ಹೆಚ್ಚು. ಅಲ್ಲಿನ ದಟ್ಟಣೆಗೆ ಬ್ಯಾಟರಿ ಗಾಡಿಗಳೇ ಕಾರಣ ಎನ್ನುವ ಮಾತನ್ನು ನಾನು ಒಪ್ಪಲಾರೆ. ಎರಡು ಲೇನಿನ ರಸ್ತೆಗೆ ಒಂದು ಇಡೀ ಪ್ರವಾಸಿ ಕರಾವಳಿಯನ್ನು ಹೊರಿಸಲಾಗಿದೆ. ದಟ್ಟಣೆಗೆ ಕಾರಣ ಅದು.

ಇನ್ನೊಂದು ಲೆಕ್ಕವಿದೆ, ಮತ್ತು ನನ್ನ ಮನಸ್ಸಿನಲ್ಲಿ ಇದೇ ದೊಡ್ಡದು. ಅಮೆರಿಕದ ವಾಹನ ಸವಾರರ ಸಂಘವಾದ ಎಎಎ ಸ್ಥಾಪಿಸಿದ ರಸ್ತೆ ಸುರಕ್ಷತಾ ಪ್ರತಿಷ್ಠಾನ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಡೆದು ಹೋಗುತ್ತಿರುವವರಿಗೆ ವಾಹನ 23 ಮೈಲಿ ವೇಗದಲ್ಲಿ ಗುದ್ದಿದರೆ ಸಾಯುವ ಸಂಭವ ಸರಾಸರಿ ನೂರಕ್ಕೆ 10. 32 ಮೈಲಿಗೆ ಅದು 25 ಆಗುತ್ತದೆ, 42 ಮೈಲಿಗೆ 50. ಈಜುಡುಗೆಯಲ್ಲೇ ರಸ್ತೆ ದಾಟುವ ಮಕ್ಕಳು, ಸೈಕಲ್ಲಿನ ಹಿಂದೆ ಮಕ್ಕಳ ಗಾಡಿ ಕಟ್ಟಿಕೊಂಡ ತಾಯಂದಿರು, ಐಸ್‌ಕ್ರೀಮ್ ಹಿಡಿದ ಅಜ್ಜ-ಅಜ್ಜಿಯರು ತುಂಬಿದ ರಸ್ತೆ ಅದು. ಅಲ್ಲಿ 25 ಮೈಲಿ ನಿಧಾನವಲ್ಲ, ಸರಿಯಾದ ವೇಗ. ಆದ್ದರಿಂದ ನಿಧಾನದ ಗಾಡಿಯನ್ನು ರಸ್ತೆಯಿಂದ ಹೊರಗಟ್ಟುವುದಕ್ಕೆ ಮೊದಲು ರಸ್ತೆಯನ್ನೇ ಆ ಗಾಡಿಯ ವೇಗಕ್ಕೆ ಇಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಗ ಹೋಗಬೇಕಾದವರಿಗೆ ಉತ್ತರದಲ್ಲಿ 98ನೇ ಹೆದ್ದಾರಿ ಇದ್ದೇ ಇದೆ. ಹಾಗೆ ಬದಲಿ ದಾರಿ ಇರುವ ಕಡಲ ರಸ್ತೆಗಳು ಹೆಚ್ಚಿಲ್ಲ. ಆ ಸೌಕರ್ಯ ಇದ್ದೂ ಬಳಸಿಕೊಳ್ಳದಿರುವುದು ತಪ್ಪು.

ಇದಕ್ಕೆ ಒಂದು ಆಕ್ಷೇಪವನ್ನು ನಾನು ಗೌರವದಿಂದ ಕೇಳುತ್ತೇನೆ. ಆ ಬಾಡಿಗೆ ಮನೆಗಳ ಹಾಸಿಗೆ ಬಟ್ಟೆ ಬದಲಿಸುವವರು, ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರು, ಕೊಳಾಯಿ ರಿಪೇರಿಯವರು ಬಹುಪಾಲು ಆ ಊರುಗಳಲ್ಲಿ ವಾಸ ಮಾಡುವ ಶಕ್ತಿಯುಳ್ಳವರಲ್ಲ. ಒಳನಾಡಿನಿಂದ ಬಂದು, ಒಂದು ಮನೆಯಿಂದ ಇನ್ನೊಂದಕ್ಕೆ 30ಎ ಮೇಲೆಯೇ ಓಡಾಡಬೇಕು. ರಜೆಯಲ್ಲಿರುವವರಿಗೆ ಎರಡು ನಿಮಿಷ ಲೆಕ್ಕಕ್ಕಿಲ್ಲ. ದಿನಕ್ಕೆ ಹತ್ತು ಸಲ ಆ ರಸ್ತೆಯಲ್ಲಿ ಹೋಗುವವರಿಗೆ ಅದು ಕೂಲಿಯ ಹೊತ್ತು. ಅವರನ್ನು ನೆನೆದೇ ಹೇಳುತ್ತೇನೆ: ಬ್ಯಾಟರಿ ಗಾಡಿ ಓಡಿಸುವವರು ಹಿಂದೆ ನಾಲ್ಕೈದು ವಾಹನ ಸೇರಿದ ಕೂಡಲೇ, ಜಾಗ ಸಿಕ್ಕ ಕಡೆ ಇಂಡಿಕೇಟರ್ ಹಾಕಿ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಕ್ಯಾಲಿಫೋರ್ನಿಯಾದಲ್ಲಿ, ಎರಡು ಲೇನಿನ ರಸ್ತೆಯಲ್ಲಿ ನಿಧಾನವಾಗಿ ಹೋಗುವವರ ಹಿಂದೆ ಐದು ವಾಹನ ಸೇರಿದರೆ ಪಕ್ಕಕ್ಕೆ ಸರಿಯಬೇಕು ಎಂಬುದು ಕಾನೂನೇ ಆಗಿದೆ. ಫ್ಲಾರಿಡಾದಲ್ಲಿ ಅದನ್ನು ಮರ್ಯಾದೆಯೆಂದು ಪಾಲಿಸಿದರೂ ಸಾಕು.

ನಿಮ್ಮ ಅಳಿಯಂದಿರಿಗೆ ಹೇಳುವುದಾದರೆ, ಇರುವ ಊರಿನೊಳಗೆ, ಕಡಲಿಗೆ, ಅಂಗಡಿಗೆ ಆ ಗಾಡಿಯಲ್ಲಿ ಹೋಗಲಿ. ಊರು ದಾಟಿ ಹೋಗುವಾಗ, ಅದರಲ್ಲೂ ಕತ್ತಲಾದ ಮೇಲೆ, ಕಾರು ತೆಗೆಯಲಿ. ಗಾಡಿಯ ಹಿಂದಿನ ಸಾಲಿನಲ್ಲಿ ಹಿಮ್ಮುಖವಾಗಿ ಕೂರುವ ಸೀಟು ಇರುತ್ತದಲ್ಲ, ಅದು ಮಕ್ಕಳಿಗೆ ಬಹಳ ಇಷ್ಟ. ಗಾಡಿ ಹಠಾತ್ತನೆ ಮುಂದಕ್ಕೆ ಎಳೆದಾಗ ಅಥವಾ ತಿರುವಿನಲ್ಲಿ ಜೋರಾಗಿ ತಿರುಗಿದಾಗ ಹೊರಗೆ ಬೀಳುವವರೂ ಅಲ್ಲಿ ಕೂತವರೇ. ಬಿದ್ದರೆ ಹಿಂದಿನ ಕಾರಿನ ಮುಂದೆಯೇ ಬೀಳುತ್ತಾರೆ. ಬೆಲ್ಟ್ ಹಾಕದ ಮಗುವನ್ನು ಅಲ್ಲಿ ಕೂರಿಸಲೇಬಾರದು, ಮತ್ತು ಸಣ್ಣ ಮಗುವನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿಕೊಳ್ಳುವ ನಮ್ಮ ಅಭ್ಯಾಸವನ್ನು ಈ ಗಾಡಿಯಲ್ಲಿ ಬಿಡಲೇಬೇಕು. 5 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಫ್ಲಾರಿಡಾದಲ್ಲಿ ಮಕ್ಕಳ ಸೀಟು ಕಡ್ಡಾಯ. ಆ ಸೀಟನ್ನು ಭದ್ರವಾಗಿ ಕಟ್ಟಲು ಬಾರದ ಗಾಡಿಯಾದರೆ ಆ ಮಗು ಅದರಲ್ಲಿ ಹೋಗುವಂತಿಲ್ಲ ಎಂದೇ ತಿಳಿಯಿರಿ.

ಪ್ರಶ್ನೆ: ಹೊಗೆಯಿಲ್ಲ, ಸದ್ದಿಲ್ಲ, ಪೆಟ್ರೋಲ್ ಬೇಡ. ಪರಿಸರದ ಬಗ್ಗೆ ಇಷ್ಟೆಲ್ಲ ಮಾತಾಡುವ ನಾವು ಇಂಥ ವಾಹನಗಳನ್ನು ಎಲ್ಲ ರಸ್ತೆಗಳಲ್ಲೂ ಸ್ವಾಗತಿಸಬೇಡವೇ?
ಕಾಲೇಜು ಉಪನ್ಯಾಸಕರು, ತುಮಕೂರು

ಉತ್ತರ: ಆ ಗಾಡಿ ಯಾವುದರ ಬದಲಿಗೆ ಬಂದಿದೆ ಎಂಬುದನ್ನು ನೋಡದೆ ಇದಕ್ಕೆ ಉತ್ತರಿಸಲಾಗದು. ಮೂರು ಟನ್ ತೂಕದ ಎಸ್‌ಯುವಿಯಲ್ಲಿ ಹೋಗಿ ಹಾಲು, ಬ್ರೆಡ್ ತರುತ್ತಿದ್ದವರು ಬ್ಯಾಟರಿ ಗಾಡಿಯಲ್ಲಿ ಹೋದರೆ ಅದು ನಿಜವಾದ ಲಾಭ. ನಡೆದು ಹೋಗುತ್ತಿದ್ದವರು ಗಾಡಿ ಹತ್ತಿದರೆ ಅದು ನಷ್ಟ.

ಸೀಸೈಡಿನ ಉದಾಹರಣೆಯನ್ನೇ ನೋಡಿ. ರಾಬರ್ಟ್ ಡೇವಿಸ್ ಎಂಬವರು ತಾತನಿಂದ ಬಂದ 80 ಎಕರೆ ಜಾಗದಲ್ಲಿ 1981ರಲ್ಲಿ ಆ ಊರನ್ನು ಕಟ್ಟಲು ಆರಂಭಿಸಿದರು. ಆಂಡ್ರೆಸ್ ದುವಾನಿ ಮತ್ತು ಎಲಿಜಬೆತ್ ಪ್ಲೇಟರ್-ಝೈಬರ್ಕ್ ದಂಪತಿ ಅದರ ನಕ್ಷೆ ಮಾಡಿದರು. ಮನೆಯ ಬಾಗಿಲಿನಿಂದ ಊರ ನಡುವಿನ ಅಂಗಡಿ, ಅಂಚೆಕಚೇರಿ, ಕಡಲು ಎಲ್ಲವೂ ಕಾಲ್ನಡಿಗೆಯಲ್ಲಿ ಐದು ನಿಮಿಷದೊಳಗೆ, ಅಂದರೆ 400 ಮೀಟರಿನ ಆಸುಪಾಸಿನಲ್ಲಿ ಸಿಗಬೇಕು ಎಂಬುದೇ ಅದರ ಮೂಲ ವಿಚಾರ. ಬೀದಿಗಳನ್ನು ಬೇಕೆಂದೇ ಕಿರಿದಾಗಿ ಇಟ್ಟರು. ಹಿತ್ತಿಲುಗಳ ನಡುವೆ ಮರಳಿನ ಕಾಲುದಾರಿಗಳನ್ನು ಬಿಟ್ಟರು. ಮನೆಮುಂದೆ ಜಗಲಿ ಇರಲೇಬೇಕು, ಜಗಲಿಯಲ್ಲಿ ಕೂತವರಿಗೆ ಬೀದಿಯಲ್ಲಿ ನಡೆದು ಹೋಗುವವರ ಮುಖ ಕಾಣಬೇಕು, ಮಾತಾಡಿಸಬೇಕು ಎಂದು ಬಯಸಿದರು. ಜಗತ್ತಿನ ನಗರ ಯೋಜಕರು ಆಮೇಲೆ ಆ ಊರನ್ನು ನೋಡಲು ಬಂದದ್ದು ಅದಕ್ಕಾಗಿ. ಅಂಥ ಊರಿನಲ್ಲಿ 400 ಮೀಟರಿಗೆ ಗಾಡಿ ತೆಗೆದು, ಕಡಲ ಮೆಟ್ಟಿಲ ಹತ್ತಿರ ಕಾರಿನಷ್ಟೇ ಜಾಗ ಹಿಡಿದು ನಿಲ್ಲಿಸುವುದು ಆ ಯೋಜನೆಗೇ ವಿರುದ್ಧ. ಮಂಡಿ ನೋವಿನವರಿಗೆ, ಗರ್ಭಿಣಿಯರಿಗೆ, ಅಂಗವಿಕಲರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರಿಗೆ ಈ ಗಾಡಿ ದೊಡ್ಡ ಉಪಕಾರ, ಅವರಿಗಾಗಿ ಅದು ಇರಲೇಬೇಕು.

ಹೊಗೆಯ ವಿಚಾರವಾಗಿ ಒಂದು ಮಾತು. ಫ್ಲಾರಿಡಾದ ವಿದ್ಯುತ್ತಿನಲ್ಲಿ ಬಹುಪಾಲು ನೈಸರ್ಗಿಕ ಅನಿಲ ಸುಟ್ಟು ಬರುವಂಥದು. ಹಾಗಿದ್ದರೂ ಸಣ್ಣ ಗಾಡಿಗೆ ಬೇಕಾಗುವ ವಿದ್ಯುತ್ ಕಡಿಮೆಯಾದ್ದರಿಂದ ಕಾರಿಗಿಂತ ಅದೇ ಮೇಲು. ಇನ್ನು ಸದ್ದಿಲ್ಲದಿರುವುದನ್ನು ಗುಣವೆಂದಷ್ಟೇ ಎಣಿಸಬೇಡಿ. ಕಣ್ಣು ಕಾಣದವರಿಗೆ, ಬೆನ್ನು ಹಾಕಿ ನಡೆಯುತ್ತಿರುವವರಿಗೆ ಸದ್ದಿಲ್ಲದ ವಾಹನ ಅಪಾಯ. ಆ ಕಾರಣಕ್ಕೇ ವಿದ್ಯುತ್ ವಾಹನಗಳು ನಿಧಾನವಾಗಿ ಹೋಗುವಾಗ ಕೇಳುವಂಥ ಸದ್ದು ಮಾಡಬೇಕೆಂದು ಅಮೆರಿಕದಲ್ಲಿ ನಿಯಮವಾಗಿದೆ.

ಪ್ರಶ್ನೆ: ನನ್ನ ತಮ್ಮನ ಮಗಳಿಗೆ 15 ವರ್ಷ. ಫ್ಲಾರಿಡಾದಲ್ಲಿ ಹದಿನಾಲ್ಕು ತುಂಬಿದ ಮಕ್ಕಳು ಗಾಲ್ಫ್ ಕಾರ್ಟ್ ಓಡಿಸಬಹುದು ಎಂದು ಅವಳು ಹೇಳುತ್ತಾಳೆ. ನಿಜವೇ? ಗಾಲ್ಫ್ ಕಾರ್ಟಿಗೂ ನೀವು ಹೇಳುತ್ತಿರುವ ಗಾಡಿಗೂ ಏನು ವ್ಯತ್ಯಾಸ?
ಗೃಹಿಣಿ, ಹುಬ್ಬಳ್ಳಿ

ಉತ್ತರ: ಹಿಂದೆ ನಿಜವಾಗಿತ್ತು, ಈಗಿಲ್ಲ. 2023ರ ಅಕ್ಟೋಬರ್ 1ರಿಂದ ಫ್ಲಾರಿಡಾದಲ್ಲಿ 18 ತುಂಬದವರು ಸಾರ್ವಜನಿಕ ರಸ್ತೆಯಲ್ಲಿ ಗಾಲ್ಫ್ ಕಾರ್ಟ್ ಓಡಿಸಬೇಕಾದರೆ ಕಲಿಕಾ ಲೈಸೆನ್ಸನ್ನೋ ಪೂರ್ಣ ಲೈಸೆನ್ಸನ್ನೋ ಪಡೆದಿರಬೇಕು. 18 ದಾಟಿದವರ ಬಳಿ ಸರ್ಕಾರ ಕೊಟ್ಟ ಫೋಟೋ ಗುರುತಿನ ಚೀಟಿ ಇರಬೇಕು.

ನೋಡಲು ಎರಡೂ ಒಂದೇ ತರಹ ಇರುವುದರಿಂದ ಬಹಳ ಜನ ಮೋಸಹೋಗುತ್ತಾರೆ. ಗಾಲ್ಫ್ ಕಾರ್ಟ್ 20 ಮೈಲಿಗಿಂತ ಜೋರಾಗಿ ಹೋಗಲಾರದ ಗಾಡಿ. ಅದಕ್ಕೆ ನಂಬರ್ ಪ್ಲೇಟ್ ಇಲ್ಲ, ಹಗಲು ಮಾತ್ರ ಓಡಿಸಬೇಕೆಂಬುದು ಸಾಮಾನ್ಯ ನಿಯಮ, ಮತ್ತು ಸ್ಥಳೀಯ ಆಡಳಿತ ಗಾಲ್ಫ್ ಕಾರ್ಟಿಗೆಂದು ಗುರುತಿಸಿದ ಬೀದಿಗಳಲ್ಲಿ ಮಾತ್ರ ಅದನ್ನು ತರಬಹುದು. ಕಡಿಮೆ ವೇಗದ ವಾಹನಕ್ಕೆ ನಂಬರ್ ಪ್ಲೇಟ್ ಇರುತ್ತದೆ. ಬಾಡಿಗೆಗೆ ತೆಗೆದುಕೊಳ್ಳುವಾಗ ಮೊದಲು ಗಾಡಿಯ ಹಿಂಭಾಗಕ್ಕೆ ಹೋಗಿ ಪ್ಲೇಟ್ ಇದೆಯೇ ನೋಡಿ. ಇಲ್ಲದಿದ್ದರೆ ಅದನ್ನು 30ಎ ರಸ್ತೆಗೆ ಇಳಿಸಬೇಡಿ. ನಿಮ್ಮ ತಮ್ಮನ ಮಗಳ ವಿಚಾರಕ್ಕೆ ಬಂದರೆ, ಪ್ಲೇಟ್ ಇರುವ ಗಾಡಿಗೆ ಕಾರಿನ ನಿಯಮವೇ ಅನ್ವಯವಾಗುತ್ತದೆ. ಫ್ಲಾರಿಡಾದ ಕಲಿಕಾ ಲೈಸೆನ್ಸ್ ಹೊಂದಿದ ಹುಡುಗಿಯ ಪಕ್ಕದ ಸೀಟಿನಲ್ಲಿ 21 ತುಂಬಿದ, ಲೈಸೆನ್ಸ್ ಇರುವ ಹಿರಿಯರು ಕೂತಿರಲೇಬೇಕು. ನಾಲ್ಕು ಜನ ಗೆಳತಿಯರನ್ನು ಕೂರಿಸಿಕೊಂಡು ಒಬ್ಬಳೇ ಹೊರಡುವಂತಿಲ್ಲ. ರಜೆಯಲ್ಲಿದ್ದೇವೆಂದು ಹಿರಿಯರು ಈ ವಿಷಯದಲ್ಲಿ ಸಡಿಲ ಬಿಡಬಾರದು.

ಪ್ರಶ್ನೆ: ನಾನು ಟ್ಯಾಂಪಾದಲ್ಲಿ ನೆಲೆಸಿರುವ ಕನ್ನಡಿಗ. 30ಎ ಪಕ್ಕದಲ್ಲೇ ಅಗಲವಾದ, ಟಾರು ಹಾಕಿದ ಕಾಲುದಾರಿ ಇದೆ. ಈ ಗಾಡಿಗಳನ್ನು ಅದರ ಮೇಲೆ ಬಿಟ್ಟರೆ ಕಾರಿನವರ ಕಾಟವೂ ತಪ್ಪುತ್ತದೆ, ಗಾಡಿಯವರ ಭಯವೂ ತಪ್ಪುತ್ತದೆ. ಯಾಕೆ ಬಿಡುವುದಿಲ್ಲ? ಸ್ನೇಹಿತರಿಗೆ ನನ್ನ ಗಾಡಿಯನ್ನು ಎರವಲು ಕೊಡಬಹುದೇ ಎಂಬುದನ್ನೂ ತಿಳಿಸಿ.
ಸಾಫ್ಟ್‌ವೇರ್ ಉದ್ಯೋಗಿ, ಟ್ಯಾಂಪಾ

ಉತ್ತರ: ನೀವು ಹೇಳುತ್ತಿರುವುದು ಟಿಂಪೂಚಿ ಟ್ರೈಲ್. ಆ ನೆಲದ ಯೂಚಿ ಬುಡಕಟ್ಟಿನ ನಾಯಕರಾಗಿದ್ದ ಟಿಂಪೂಚಿ ಕಿನ್ನಾರ್ಡ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಅದು ನಡೆಯುವವರ, ಓಡುವವರ, ಸೈಕಲ್ಲಿನವರ ದಾರಿ. ನಾಲ್ಕು ಅಡಿ ಅಗಲದ ಗಾಡಿಯೊಂದು ಅದರ ಮೇಲೆ ಬಂದರೆ, ಎದುರಿನಿಂದ ಇನ್ನೊಂದು ಬಂದರೆ, ನಡೆಯುವವರು ಹುಲ್ಲಿಗೋ ರಸ್ತೆಗೋ ಇಳಿಯಬೇಕಾಗುತ್ತದೆ. ಕಾರಿನಿಂದ ನಿಮಗಿರುವ ಭಯವನ್ನು ನೀವು ಕಾಲ್ನಡಿಗೆಯವರಿಗೆ ವರ್ಗಾಯಿಸಿದಂತೆ ಆಗುತ್ತದೆ ಅಷ್ಟೆ. ಈ ಸಲಹೆಯನ್ನು ನಾನು ಸಂಪೂರ್ಣವಾಗಿ ವಿರೋಧಿಸುತ್ತೇನೆ.

ಗಾಡಿಗಳೂ ಹೋಗುವಂತೆ ರಸ್ತೆಯಿಂದ ಬೇರೆಯಾದ ದಾರಿ ಕಟ್ಟಿದ ಊರುಗಳು ಇವೆ. ಅಟ್ಲಾಂಟಾದ ದಕ್ಷಿಣಕ್ಕಿರುವ ಪೀಚ್‌ಟ್ರೀ ಸಿಟಿಯಲ್ಲಿ ಅದಕ್ಕೆ ಯೋಜನೆ ಮಾಡಿ, ಇವತ್ತು 100 ಮೈಲಿಯ ಆಸುಪಾಸಿನ ಕಾರ್ಟ್ ದಾರಿಗಳನ್ನು ಮಾಡಿಕೊಂಡಿದ್ದಾರೆ. ಅಲ್ಲಿ ಶಾಲೆಗೂ ಗ್ರಂಥಾಲಯಕ್ಕೂ ಹೆದ್ದಾರಿಯನ್ನು ಮುಟ್ಟದೆ ಹೋಗಬಹುದು. ಉತ್ತರ ಕೆರೊಲಿನಾದ ಬಾಲ್ಡ್ ಹೆಡ್ ದ್ವೀಪದವರು ಇನ್ನೂ ಮುಂದೆ ಹೋಗಿ, ಪ್ರವಾಸಿಗರ ಕಾರುಗಳನ್ನು ದಡದಲ್ಲೇ ಬಿಡಿಸಿ, ದ್ವೀಪದಲ್ಲಿ ಬ್ಯಾಟರಿ ಗಾಡಿ, ಸೈಕಲ್ಲುಗಳನ್ನೇ ಇಟ್ಟುಕೊಂಡಿದ್ದಾರೆ. ಅವೆರಡೂ ಕಡೆ ಈ ಗಾಡಿ ಯಾರಿಗೂ ತೊಡಕಲ್ಲ. 30ಎ ಪಕ್ಕದಲ್ಲಿ ಮೂರನೆಯ ದಾರಿಯೊಂದನ್ನು ಕಟ್ಟುವಷ್ಟು ನೆಲವಿಲ್ಲ: ಒಂದು ಬದಿ ಕೋಟಿಗಟ್ಟಲೆ ಬೆಲೆಯ ಮನೆಗಳು, ಇನ್ನೊಂದು ಬದಿ ಮುಟ್ಟಬಾರದ ಕೆರೆ, ಕಾಡು. ಕಾಲುದಾರಿ ಕಾಲುದಾರಿಯಾಗಿಯೇ ಉಳಿಯಬೇಕು, ಗಾಡಿ ರಸ್ತೆಯಲ್ಲಿಯೇ ಹೋಗಬೇಕು, ರಸ್ತೆಯೇ ನಿಧಾನವಾಗಬೇಕು.

ಎರವಲು ಕೊಡುವ ಮೊದಲು ಎರಡು ಸಲ ಯೋಚಿಸಿ. ತನ್ನ ವಾಹನವನ್ನು ಒಪ್ಪಿ ಇನ್ನೊಬ್ಬರ ಕೈಗೆ ಕೊಟ್ಟ ಮಾಲೀಕನು, ಅವರ ಅಜಾಗರೂಕತೆಯಿಂದ ಆದ ಹಾನಿಗೂ ಹೊಣೆಯಾಗುತ್ತಾನೆ ಎಂಬ ತತ್ವ ಫ್ಲಾರಿಡಾದಲ್ಲಿ 1920ರಿಂದ ನೆಲೆಗೊಂಡಿದೆ. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಗಾಲ್ಫ್ ಕಾರ್ಟಿಗೂ ವಿಸ್ತರಿಸಿ ತೀರ್ಪು ಕೊಟ್ಟಿತು. ನಿಮ್ಮ ವಿಮೆಯ ಕಡ್ಡಾಯ ಮೊತ್ತ ಬಹಳ ಕಡಿಮೆ: ವೈಯಕ್ತಿಕ ಗಾಯದ ರಕ್ಷಣೆಗೆ 10,000 ಡಾಲರ್, ಬೇರೆಯವರ ಆಸ್ತಿ ನಷ್ಟಕ್ಕೆ 10,000 ಡಾಲರ್. ಅಮೆರಿಕದ ಆಸ್ಪತ್ರೆಯ ಬಿಲ್ಲಿನ ಎದುರು ಈ ಮೊತ್ತ ಯಾವ ಮೂಲೆಗೂ ಸಾಲದು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಳ್ಳುವ ಮುಂಚೆ, ಅವರಿಗೆ ಮಾಡಿಸಿದ ಪ್ರವಾಸ ವಿಮೆ ರಸ್ತೆ ಅಪಘಾತಕ್ಕೆ ಅನ್ವಯಿಸುತ್ತದೆಯೇ ಎಂದು ಪಾಲಿಸಿಯ ಪುಟ ತೆರೆದು ಓದಿಕೊಳ್ಳಿ. ಹೆಚ್ಚಿನ ಹೊಣೆಗಾರಿಕೆಯ ವಿಮೆಯನ್ನು ನಿಮ್ಮ ಗಾಡಿಗೂ ಮಾಡಿಸಿ.

ಪ್ರಶ್ನೆ: ನಮ್ಮ ಕರಾವಳಿಗೂ ಪ್ರವಾಸಿಗರು ಹೆಚ್ಚುತ್ತಿದ್ದಾರೆ. ಇಂಥ ಗಾಡಿಗಳನ್ನು ಮರವಂತೆ, ಪಡುಬಿದ್ರಿ, ಕಾಸರಕೋಡಿನಂಥ ಕಡೆ ತಂದರೆ ಒಳ್ಳೆಯದಲ್ಲವೇ?
ಪ್ರವಾಸೋದ್ಯಮದ ವಿದ್ಯಾರ್ಥಿ, ಕುಂದಾಪುರ

ಉತ್ತರ: ಮರವಂತೆಯಲ್ಲಿ ಖಂಡಿತ ಬೇಡ. ಅಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ನಡುವೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 66. ಮಂಗಳೂರಿನಿಂದ ಗೋವಾಕ್ಕೆ ಹೋಗುವ ಲಾರಿ, ಬಸ್ಸುಗಳ ಜೊತೆಗೆ ಗಂಟೆಗೆ 40 ಕಿಲೋಮೀಟರ್ ದಾಟದ ಗಾಡಿಯನ್ನು ಬಿಡುವುದು ಜನರನ್ನು ಅಪಾಯಕ್ಕೆ ನೂಕಿದಂತೆ. ನೋಟ ಎಷ್ಟೇ ಚೆನ್ನಾಗಿದ್ದರೂ ಅದು ಲಾರಿಗಳ ದಾರಿ.

ಪಡುಬಿದ್ರಿ, ಹೊನ್ನಾವರದ ಕಾಸರಕೋಡು, ಎರಡಕ್ಕೂ 2020ರಲ್ಲಿ, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅಂಥ ಕಡೆ ಕಾರುಗಳನ್ನು ದೂರದಲ್ಲೇ ನಿಲ್ಲಿಸಿ, ಅಲ್ಲಿಂದ ಕಡಲಿನವರೆಗೆ ಬ್ಯಾಟರಿ ಗಾಡಿಯಲ್ಲಿ ಕರೆದೊಯ್ಯುವುದಾದರೆ ನಾನು ಒಪ್ಪುತ್ತೇನೆ. ಅದಕ್ಕೆ ನಮಗೆ ಫ್ಲಾರಿಡಾದ ಮಾದರಿ ಬೇಕಿಲ್ಲ, ಹಂಪಿಯೇ ಇದೆ. ಅಲ್ಲಿ ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗುವವರು ವಾಹನವನ್ನು ಗೆಜ್ಜಲ ಮಂಟಪದ ಬಳಿ ಬಿಟ್ಟು, ಬ್ಯಾಟರಿ ಗಾಡಿ ಹತ್ತಿ ಸುಮಾರು ಒಂದು ಕಿಲೋಮೀಟರ್ ಹೋಗುತ್ತಾರೆ. ಗಾಡಿ ಓಡಿಸುವವರಲ್ಲಿ ಸ್ಥಳೀಯ ಹೆಣ್ಣುಮಕ್ಕಳೂ ಇದ್ದಾರೆ. ಆ ದಾರಿಯಲ್ಲಿ ಪ್ರವಾಸಿಗರ ಕಾರಿಲ್ಲ, ಆದ್ದರಿಂದ ನಡೆಯಲು ಇಷ್ಟಪಡುವವರು ಗಾಡಿಯ ಪಕ್ಕದಲ್ಲೇ ನಿರ್ಭಯವಾಗಿ ನಡೆದು ಹೋಗುತ್ತಾರೆ. ಓಡಿಸುವವರು ದಿನವೂ ಅದೇ ದಾರಿಯಲ್ಲಿ ಓಡಾಡುವ, ತರಬೇತಾದವರು. ಆ ಗಾಡಿಯನ್ನು ಮೊದಲ ಸಲ ಮುಟ್ಟಿದ ಪ್ರವಾಸಿಗರ ಕೈಗೆ ಅದನ್ನು ಕೊಡುವುದಿಲ್ಲ. ನಿಮ್ಮ ಪ್ರಾಜೆಕ್ಟ್ ವರದಿಗೆ ಈ ಅಂಶವನ್ನು ಮೊದಲು ಸೇರಿಸಿ. ಆಮೇಲೆ ಪಾರ್ಕಿಂಗ್ ಜಾಗ ಎಲ್ಲಿ, ಮಳೆಗಾಲದ ನಾಲ್ಕು ತಿಂಗಳು ಗಾಡಿಗಳನ್ನು ಉಪ್ಪುಗಾಳಿಯಿಂದ ಕಾಪಾಡಿ ಇಡುವ ಶೆಡ್ ಎಲ್ಲಿ, ಚಾರ್ಜಿಂಗಿಗೆ ವಿದ್ಯುತ್ ಯಾರು ಕೊಡುತ್ತಾರೆ, ಈಗ ಅಲ್ಲಿ ಬಾಡಿಗೆ ಓಡಿಸುತ್ತಿರುವ ಆಟೋದವರಿಗೆ ಆ ಕೆಲಸದಲ್ಲಿ ಪಾಲು ಕೊಡುತ್ತೀರೋ ಇಲ್ಲವೋ ಎಂಬುದನ್ನು ಪಂಚಾಯಿತಿಯವರನ್ನೂ ಆಟೋ ಸ್ಟ್ಯಾಂಡಿನವರನ್ನೂ ಕೂರಿಸಿಕೊಂಡು ಕೇಳಿ ಬರೆಯಿರಿ.